ಹೊರೆ ಏರಿದಾಗ ಕೈಕೊಡುವ ಮೋಟರ್‌ಹೋಮ್ ಜನರೇಟರ್: ದೋಷ ಪತ್ತೆ ಮತ್ತು ನಿವಾರಣೆ

ಮೋಟರ್‌ಹೋಮ್ ಅಥವಾ ಕ್ಯಾರವಾನ್‌ನಲ್ಲಿ ಜನರೇಟರ್ ಚಾಲೂ ಮಾಡಿ ಎಸಿ ಹಾಕಿದೊಡನೆ ಕರೆಂಟ್ ಹೋದರೆ, ಹೆಚ್ಚಿನವರ ಅನುಮಾನ ಮೊದಲು ಹೋಗುವುದು ಜನರೇಟರಿನ ಎಂಜಿನ್ ಕಡೆಗೆ. ಸ್ಪಾರ್ಕ್ ಪ್ಲಗ್ ಬದಲಾಗುತ್ತದೆ, ಕಾರ್ಬ್ಯುರೇಟರ್ ಬಿಚ್ಚಲಾಗುತ್ತದೆ, ಅಷ್ಟೆಲ್ಲ ಆದ ಮೇಲೂ ಎಸಿ ಹಾಕಿದಾಗ ಕರೆಂಟ್ ಹೋಗುವುದು ನಿಲ್ಲುವುದಿಲ್ಲ. ಇಂಥ ದೂರುಗಳಲ್ಲಿ ಬಹಳಷ್ಟು ಹೊರೆಯ ಲೆಕ್ಕ ತಪ್ಪಿದ್ದರಿಂದ ಹುಟ್ಟಿದವು. ಇನ್ನು ಕೆಲವು ಜನರೇಟರಿಗೂ ಉಪಕರಣಗಳಿಗೂ ನಡುವಿನ ತಂತಿ, ಸ್ವಿಚ್, ಬ್ರೇಕರ್‌ಗಳಲ್ಲಿ ಅಡಗಿರುತ್ತವೆ. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಮೀಟರ್ ಹಿಡಿಯಬೇಕು, ಅದರಲ್ಲೂ ಕರೆಂಟ್ ಹೋಗುವ ಆ ಕ್ಷಣದ ವೋಲ್ಟೇಜನ್ನೂ ಆವರ್ತನವನ್ನೂ (ಅಲೆಯಾಗಿ ಬರುವ ಕರೆಂಟಿನ ಸೆಕೆಂಡಿನ ಅಲೆಗಳ ಎಣಿಕೆ, ಹರ್ಟ್ಜ್‌ನಲ್ಲಿ) ನೋಡಬೇಕು ಎಂಬ ನಿಲುವಿನ ಮೇಲೆ ಈ ಕೈಪಿಡಿ ನಿಂತಿದೆ.

ಮೊದಲು ನಿಂತದ್ದು ಯಾವುದು?

ದೋಷವನ್ನು ಮತ್ತೊಮ್ಮೆ ಬೇಕೆಂದೇ ಬರಿಸಿ, ಒಬ್ಬರು ಜನರೇಟರಿನ ಬಳಿ ನಿಂತು ಕಿವಿಗೊಡಬೇಕು. ಎಂಜಿನ್ ನಿಂತು ಅದರಿಂದ ಕರೆಂಟ್ ಹೋಯಿತೇ, ಅಥವಾ ಎಂಜಿನ್ ಓಡುತ್ತಿರುವಾಗಲೇ ಕರೆಂಟ್ ಹೋಯಿತೇ ಎಂಬ ಒಂದೇ ಪ್ರಶ್ನೆ ಹುಡುಕಾಟದ ಅರ್ಧ ದಾರಿಯನ್ನು ಸವೆಸುತ್ತದೆ.

ಎಂಜಿನ್ ಎಂದಿನಂತೆ ಓಡುತ್ತಿದ್ದು ವಾಹನದೊಳಗೆ ಮಾತ್ರ ಕತ್ತಲಾದರೆ, ಬ್ರೇಕರ್ ಬಿದ್ದಿದೆ, ಇಲ್ಲವೇ ಟ್ರಾನ್ಸ್‌ಫರ್ ಸ್ವಿಚ್ (ಹೊರಗಿನ ಕರೆಂಟನ್ನೋ ಜನರೇಟರಿನದನ್ನೋ ಆರಿಸಿ ವಾಹನಕ್ಕೆ ಕೊಡುವ ಸ್ವಿಚ್) ಬಿಟ್ಟುಕೊಟ್ಟಿದೆ, ಇಲ್ಲವೇ ಜನರೇಟರ್ ಇನ್ವರ್ಟರ್ ಮಾದರಿಯದಾಗಿದ್ದು (ಹುಟ್ಟಿದ ಕರೆಂಟನ್ನು ಎಲೆಕ್ಟ್ರಾನಿಕ್ಸ್ ಮೂಲಕ ಹದಗೊಳಿಸಿ ಕೊಡುವಂಥದ್ದು) ಅದರ ಓವರ್‌ಲೋಡ್ ದೀಪ ಹೊತ್ತಿಕೊಂಡಿದೆ ಎಂದರ್ಥ. ಇನ್ವರ್ಟರ್ ಮಾದರಿಯ ಜನರೇಟರುಗಳು ಹೊರೆ ಮಿತಿ ಮೀರಿದಾಗ ಔಟ್‌ಪುಟ್ ಕಡಿತಗೊಳಿಸಿ ಎಂಜಿನ್ನನ್ನು ಓಡಲು ಬಿಡುತ್ತವೆ. ಹೊರೆಯನ್ನೆಲ್ಲ ತೆಗೆದು, ರೀಸೆಟ್ ಬಟನ್ ಇದ್ದರೆ ಅದನ್ನು ಒತ್ತಿ, ಇಲ್ಲದಿದ್ದರೆ ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡುವವರೆಗೂ ಕರೆಂಟ್ ಮರಳುವುದಿಲ್ಲ.

ಎಂಜಿನ್ನೇ ನಿಂತಿದ್ದರೆ ಅದು ನಿಂತ ರೀತಿಯನ್ನು ಗಮನಿಸಬೇಕು. ಕೀಲಿ ತಿರುಗಿಸಿ ಆರಿಸಿದ ಹಾಗೆ ಥಟ್ಟನೆ ನಿಂತರೆ ಆಯಿಲ್ ಸೆನ್ಸರ್ ಅಥವಾ ನಿಯಂತ್ರಣ ಬೋರ್ಡಿನ ರಕ್ಷಣಾ ವ್ಯವಸ್ಥೆ ಕೆಲಸ ಮಾಡಿದೆ. ಕೆಮ್ಮಿ, ಏದುಸಿರು ಬಿಟ್ಟು, ಏರಿಳಿದು ನಿಂತರೆ ಇಂಧನ ಅಥವಾ ಗಾಳಿ ಸಾಲುತ್ತಿಲ್ಲ. ವಾಹನದಲ್ಲೇ ಅಳವಡಿಸಿದ ಹಲವು ಜನರೇಟರುಗಳಲ್ಲಿ ದೋಷದ ಸಂಕೇತವಾಗಿ ದೀಪ ಮಿನುಗುತ್ತದೆ. ಸ್ವಿಚ್ಚನ್ನು ಮತ್ತೆ ಒತ್ತುವ ಮೊದಲೇ ಆ ಮಿನುಗುಗಳನ್ನು ಎಣಿಸಿ ಬರೆದಿಟ್ಟುಕೊಳ್ಳಬೇಕು.

ಮೂರನೆಯ ಬಗೆಯೂ ಇದೆ. ಯಾವುದೂ ನಿಲ್ಲುವುದಿಲ್ಲ, ಆದರೆ ದೀಪ ಮಂಕಾಗುತ್ತದೆ, ಎಸಿಯ ಕಂಪ್ರೆಸರ್ ಗುಂಯ್‌ಗುಟ್ಟಿ ಸುಮ್ಮನಾಗುತ್ತದೆ, ಮೈಕ್ರೋವೇವ್ ಬಿಸಿ ಮಾಡಲು ಮಾಮೂಲಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಮೂರರಲ್ಲಿ ಉಪಕರಣಗಳಿಗೆ ಹೆಚ್ಚು ಹಾನಿ ಮಾಡುವುದು ಇದೇ, ಏಕೆಂದರೆ ಇಲ್ಲಿ ಯಾವ ಬ್ರೇಕರೂ ಬಿದ್ದು ಎಚ್ಚರಿಸುವುದಿಲ್ಲ.

ಸಲಕರಣೆ ಮತ್ತು ಎಚ್ಚರಿಕೆ

ಆವರ್ತನವನ್ನೂ ತೋರಿಸುವ, ಟ್ರೂ ಆರ್‌ಎಂಎಸ್ ಮಾದರಿಯ (ಕರೆಂಟಿನ ಅಲೆ ಯಾವ ಆಕಾರದಲ್ಲಿದ್ದರೂ ಸರಿಯಾಗಿ ಅಳೆಯುವ) ಮಲ್ಟಿಮೀಟರ್ ಒಂದು, ಕ್ಲ್ಯಾಂಪ್ ಮೀಟರ್ ಒಂದು, ಮತ್ತು ಎಷ್ಟು ವಾಟ್ ಎಂದು ಖಚಿತವಾಗಿ ಗೊತ್ತಿರುವ ಒಂದೆರಡು ಸಾದಾ ಹೀಟರುಗಳು ಸಾಕು. ಕ್ಲ್ಯಾಂಪ್ ಮೀಟರಿನ ದವಡೆಯೊಳಗೆ ಇಡೀ ಕೇಬಲನ್ನು ಹಿಡಿದರೆ ಹೋಗುವ ಕರೆಂಟೂ ಮರಳುವ ಕರೆಂಟೂ ಒಂದನ್ನೊಂದು ಕಳೆದುಕೊಂಡು ಮೀಟರ್ ಸೊನ್ನೆ ತೋರಿಸುತ್ತದೆ. ಫೇಸ್ ತಂತಿ ಒಂದನ್ನೇ ಹಿಡಿಯಬೇಕು. ಅಗ್ಗದ ಸಾದಾ ಮಲ್ಟಿಮೀಟರುಗಳು ಮಾಡಿಫೈಡ್ ಸೈನ್ ಅಲೆಯ (ನಯವಾಗಿರದೆ ಮೆಟ್ಟಿಲು ಮೆಟ್ಟಿಲಾದ ಅಲೆಯ) ಇನ್ವರ್ಟರಿನ ವೋಲ್ಟೇಜನ್ನು ಇರುವುದಕ್ಕಿಂತ ಕಡಿಮೆ ತೋರಿಸಿ ಇಲ್ಲದ ದೋಷವನ್ನು ಹುಟ್ಟಿಸುವುದುಂಟು.

ಕೆಲಸ ನಡೆಯುವಷ್ಟು ಹೊತ್ತೂ ವಾಹನದೊಳಗಿನ ಕಾರ್ಬನ್ ಮಾನಾಕ್ಸೈಡ್ ಅಲಾರಂ ಚಾಲೂ ಇರಬೇಕು. ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತೆರೆದ ಕಿಟಕಿಯ ಕೆಳಗೆ ಹೊಗೆ ಕೊಳವೆ ಬರುವಂತೆ ಜನರೇಟರನ್ನು ಇಡಲೇಬಾರದು. ಎಸಿಯ ಕಂಪ್ರೆಸರ್ ಏಳಲು ನೆರವಾಗುವ ಕೆಪಾಸಿಟರ್ ಕರೆಂಟ್ ತೆಗೆದ ಮೇಲೂ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ, ಅದನ್ನು ರೆಸಿಸ್ಟರ್ ಮೂಲಕ ಇಳಿಸಿದ ನಂತರವೇ ಮುಟ್ಟಬೇಕು. ಚಾಲೂ ಇರುವ ಪ್ಯಾನೆಲ್ ತೆರೆದು ಅಳೆಯುವ ಅಭ್ಯಾಸವಿಲ್ಲದವರು ಸಾಕೆಟ್ಟಿನಲ್ಲಿ ಸಿಗುವ ಅಳತೆಗಳಷ್ಟಕ್ಕೇ ನಿಲ್ಲುವುದು ಲೇಸು. ದೋಷದ ಗುಂಪನ್ನು ಗುರುತಿಸಲು ಹೆಚ್ಚಿನ ವೇಳೆ ಅಷ್ಟೇ ಸಾಕಾಗುತ್ತದೆ.

ಕಾಣದ ಹೊರೆ

4,000 ವಾಟ್‌ನ ಜನರೇಟರಿಗೆ 1,500 ವಾಟ್ ಎಳೆಯುವ ಎಸಿ ಮತ್ತು 1,000 ವಾಟ್‌ನ ಮೈಕ್ರೋವೇವ್ ಸೇರಿದರೆ 2,500 ವಾಟ್, ಇನ್ನೂ 1,500 ವಾಟ್ ಉಳಿದಿದೆ ಎಂಬುದು ಸಾಮಾನ್ಯ ಲೆಕ್ಕ. ಈ ಲೆಕ್ಕ ಎರಡು ಕಡೆ ತಪ್ಪುತ್ತದೆ. ಮೈಕ್ರೋವೇವ್ ಮೇಲೆ ದೊಡ್ಡದಾಗಿ ಬರೆದ 1,000 ವಾಟ್ ಅದು ಆಹಾರಕ್ಕೆ ಕೊಡುವ ಶಕ್ತಿ. ಅದು ಸಾಕೆಟ್ಟಿನಿಂದ ಎಳೆಯುವುದು ಸುಮಾರು 1,500 ವಾಟ್. ಎರಡನೆಯ ತಪ್ಪು ದೊಡ್ಡದು: ಯಾರೂ ಸ್ವಿಚ್ ಹಾಕದೆ ತಾವಾಗಿಯೇ ಚಾಲೂ ಆಗುವ ಉಪಕರಣಗಳು ಈ ಪಟ್ಟಿಯಲ್ಲೇ ಇಲ್ಲ.

ಅವುಗಳಲ್ಲಿ ಮುಖ್ಯವಾದದ್ದು ಬ್ಯಾಟರಿ ಚಾರ್ಜರ್. ರಾತ್ರಿಯಿಡೀ ಬ್ಯಾಟರಿ ಬಳಸಿ ಬೆಳಿಗ್ಗೆ ಜನರೇಟರ್ ಹಾಕಿದಾಗ 55 ಆಂಪಿಯರ್‌ನ ಚಾರ್ಜರ್ ತನ್ನ ಪೂರ್ಣ ಸಾಮರ್ಥ್ಯದಲ್ಲಿ ಎಳೆಯಲು ತೊಡಗುತ್ತದೆ. 14.4 ವೋಲ್ಟ್‌ನಲ್ಲಿ 55 ಆಂಪಿಯರ್ ಎಂದರೆ ಬ್ಯಾಟರಿಗೆ ಹೋಗುವುದೇ 792 ವಾಟ್. ಚಾರ್ಜರಿನ ದಕ್ಷತೆ ಶೇ. 85 ಎಂದಿಟ್ಟುಕೊಂಡರೆ ಜನರೇಟರಿನಿಂದ ಎಳೆಯುವುದು ಸುಮಾರು 930 ವಾಟ್. ಹಳೆಯ ಮಾದರಿಯ ಚಾರ್ಜರುಗಳ ಪವರ್ ಫ್ಯಾಕ್ಟರ್ (ಎಳೆಯುವ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.7ರ ಆಸುಪಾಸಿನಲ್ಲಿರುವುದರಿಂದ ಆಂಪಿಯರ್ ಲೆಕ್ಕದಲ್ಲಿ ಅದು 1,330 ವೋಲ್ಟ್‌ಆಂಪಿಯರ್‌ನಷ್ಟು ಹೊರೆಯಾಗಿ ಬೀಳುತ್ತದೆ: 230 ವೋಲ್ಟ್ ವ್ಯವಸ್ಥೆಯಲ್ಲಿ ಹತ್ತಿರ ಹತ್ತಿರ 6 ಆಂಪಿಯರ್, 120 ವೋಲ್ಟ್ ವ್ಯವಸ್ಥೆಯಲ್ಲಿ 11 ಆಂಪಿಯರ್. ಬ್ಯಾಟರಿ ತುಂಬುತ್ತ ಬಂದಂತೆ ಈ ಹೊರೆ ಕರಗುವುದರಿಂದಲೇ ‘ಬೆಳಿಗ್ಗೆ ಎಸಿ ಹಾಕಿದರೆ ಕರೆಂಟ್ ಹೋಗುತ್ತದೆ, ಎರಡು ಗಂಟೆ ಬಿಟ್ಟು ಹಾಕಿದರೆ ಏನೂ ಆಗುವುದಿಲ್ಲ’ ಎಂಬ ದೂರು ಬರುತ್ತದೆ. ಆ ದೂರನ್ನು ಕೇಳಿದ ಮೇಲೆ ಎಂಜಿನ್ ತೆರೆಯುವ ಅಗತ್ಯವೇ ಇರುವುದಿಲ್ಲ.

ವಾಟರ್ ಹೀಟರಿನ ವಿದ್ಯುತ್ ಕಾಯಿಲ್ 1,400 ವಾಟ್‌ನಷ್ಟು ಎಳೆಯಬಲ್ಲದು, ಮತ್ತು ಅದರ ಸ್ವಿಚ್ ಅನೇಕ ವಾಹನಗಳಲ್ಲಿ ಕಣ್ಣಿಗೆ ಬೀಳದ ಜಾಗದಲ್ಲಿರುತ್ತದೆ. ಗ್ಯಾಸ್ ಮತ್ತು ವಿದ್ಯುತ್ ಎರಡರಲ್ಲೂ ನಡೆಯುವ ಫ್ರಿಜ್ ‘ಆಟೋ’ ಸ್ಥಿತಿಯಲ್ಲಿದ್ದರೆ ಜನರೇಟರ್ ಚಾಲೂ ಆದೊಡನೆ ವಿದ್ಯುತ್ತಿಗೆ ತಿರುಗಿ 300ರಿಂದ 400 ವಾಟ್ ತೆಗೆದುಕೊಳ್ಳುತ್ತದೆ. ಎಸಿ, ಚಾರ್ಜರ್, ವಾಟರ್ ಹೀಟರ್, ಫ್ರಿಜ್ ಇಷ್ಟನ್ನೇ ಕೂಡಿದರೂ 4,000 ವಾಟ್ ದಾಟಿತು. ಮೈಕ್ರೋವೇವ್ ಇನ್ನೂ ಹಾಕಿಯೇ ಇಲ್ಲ.

ಪರೀಕ್ಷೆ ಸರಳ. ವಾಹನದ ಎಲ್ಲ ಬ್ರೇಕರುಗಳನ್ನೂ ಇಳಿಸಿ ಜನರೇಟರ್ ಚಾಲೂ ಮಾಡಬೇಕು, ಎರಡು ಮೂರು ನಿಮಿಷ ಎಂಜಿನ್ ಬಿಸಿಯಾಗಲು ಬಿಡಬೇಕು, ಆಮೇಲೆ ಒಂದೊಂದೇ ಬ್ರೇಕರ್ ಏರಿಸುತ್ತ ಪ್ರತಿ ಬಾರಿ ಕ್ಲ್ಯಾಂಪ್ ಮೀಟರ್ ತೋರಿಸುವ ಆಂಪಿಯರನ್ನು ಬರೆದುಕೊಳ್ಳಬೇಕು. ‘ಏನೂ ಹಾಕಿಲ್ಲ’ ಎಂದುಕೊಂಡ ಸ್ಥಿತಿಯಲ್ಲಿ 8–10 ಆಂಪಿಯರ್ ಹರಿಯುತ್ತಿದ್ದರೆ ಕಾಣದ ಹೊರೆ ಸಿಕ್ಕಿದಂತೆ.

ಕಂಪ್ರೆಸರ್ ಏಳುವ ಕ್ಷಣ

ಓಡುತ್ತಿರುವ ಎಸಿಯ ಲೆಕ್ಕ ಬೇರೆ, ಆಗಷ್ಟೇ ಏಳುತ್ತಿರುವ ಎಸಿಯ ಲೆಕ್ಕ ಬೇರೆ. ನಿಂತ ಸ್ಥಿತಿಯಿಂದ ತಿರುಗಲು ತೊಡಗುವ ಕಂಪ್ರೆಸರ್ ತನ್ನ ಮಾಮೂಲಿ ಕರೆಂಟಿನ ನಾಲ್ಕರಿಂದ ಆರು ಪಟ್ಟನ್ನು ಸೆಕೆಂಡಿನ ಸಣ್ಣ ಪಾಲಿನಷ್ಟು ಹೊತ್ತು ಎಳೆಯುತ್ತದೆ. ಭಾರದ ಚಕ್ರವುಳ್ಳ ಸಾದಾ ಜನರೇಟರ್ ಅಷ್ಟು ಹೊತ್ತನ್ನು ಚಕ್ರದ ಓಟದ ಬಲದಿಂದ ದಾಟಿಬಿಡಬಹುದು. ಎಂಜಿನ್ ಒಂದು ಸಲ ಕುಗ್ಗಿ ಎದ್ದು ನಿಲ್ಲುವ ಸದ್ದು ಅದೇ. ಸಣ್ಣ ಇನ್ವರ್ಟರ್ ಜನರೇಟರಿಗೆ ಅಂಥ ಆಸರೆ ಕಡಿಮೆ, ಅದರ ಎಲೆಕ್ಟ್ರಾನಿಕ್ ರಕ್ಷಣೆ ಆ ಕ್ಷಣದಲ್ಲೇ ಬಾಗಿಲು ಮುಚ್ಚುತ್ತದೆ. ಇಕೋ ಸ್ಥಿತಿಯಲ್ಲಿ ಎಂಜಿನ್ ನಿಧಾನಗತಿಯಲ್ಲಿದ್ದರಂತೂ ಅದು ವೇಗ ಹೆಚ್ಚಿಸಿಕೊಳ್ಳುವ ಮೊದಲೇ ಎಲ್ಲ ಮುಗಿದಿರುತ್ತದೆ. ಎಸಿ ಹಾಕುವ ಮೊದಲು ಇಕೋ ಸ್ವಿಚ್ ಆರಿಸಿ ನೋಡುವುದು ಖರ್ಚಿಲ್ಲದ ಮೊದಲ ಪರೀಕ್ಷೆ.

ಎಸಿಯನ್ನು ಮೊದಲು ಫ್ಯಾನ್ ಸ್ಥಿತಿಯಲ್ಲಿ ಮಾತ್ರ ಓಡಿಸಬೇಕು. ಫ್ಯಾನ್ ಸರಿಯಾಗಿ ತಿರುಗಿ, ಆಮೇಲೆ ಕೂಲಿಂಗ್‌ಗೆ ತಿರುಗಿಸಿದಾಗ ಮಾತ್ರ ಕರೆಂಟ್ ಹೋದರೆ ಸಮಸ್ಯೆ ಕಂಪ್ರೆಸರಿನ ಏಳುವಿಕೆಯಲ್ಲಿದೆ ಎಂದು ಖಚಿತವಾಯಿತು. ಇಲ್ಲಿ ನೋಡಬೇಕಾದ್ದು ಮೂರು ಸಂಗತಿ.

ಒಂದು, ಕಾಯುವಿಕೆ. ಕಂಪ್ರೆಸರ್ ನಿಂತ ಮೇಲೆ ಅನಿಲದ ಒತ್ತಡ ಎರಡೂ ಬದಿಯಲ್ಲಿ ಸಮನಾಗಲು ಮೂರರಿಂದ ಐದು ನಿಮಿಷ ಬೇಕು. ಅಷ್ಟರೊಳಗೆ ಮತ್ತೆ ಕರೆಂಟ್ ಬಂದರೆ ಅದು ಒತ್ತಡದ ವಿರುದ್ಧ ಏಳಲು ಹೆಣಗಿ, ತಿರುಗದೆ ನಿಂತು, ಪೂರ್ತಿ ಏಳುವ ಕರೆಂಟನ್ನು ಎಳೆಯುತ್ತಲೇ ಇರುತ್ತದೆ. ಎಲೆಕ್ಟ್ರಾನಿಕ್ ಥರ್ಮೋಸ್ಟಾಟ್‌ಗಳಲ್ಲಿ ಈ ಕಾಯುವಿಕೆ ಸಾಮಾನ್ಯವಾಗಿ ಸೇರಿಕೊಂಡಿರುತ್ತದೆ, ಹಳೆಯ ಗುಂಡಿ ಮಾದರಿಯವುಗಳಲ್ಲಿ ಇರುವುದಿಲ್ಲ. ಬ್ರೇಕರ್ ಬಿದ್ದ ಕೂಡಲೇ ಏರಿಸಿ, ಅದು ಮತ್ತೆ ಬಿದ್ದಾಗ ಮತ್ತೆ ಏರಿಸುವವರು ತಮಗರಿವಿಲ್ಲದೆ ಒಂದು ಸಣ್ಣ ದೋಷವನ್ನು ಸುಟ್ಟ ಕಂಪ್ರೆಸರ್ ಆಗಿ ಬೆಳೆಸುತ್ತಾರೆ.

ಎರಡು, ಕೆಪಾಸಿಟರ್. ಅದರ ಮೈಮೇಲೆ ಮೈಕ್ರೋಫ್ಯಾರಡ್‌ನಲ್ಲಿ ಮೌಲ್ಯವೂ ಶೇ. 5 ಅಥವಾ 6ರಷ್ಟು ವ್ಯತ್ಯಾಸದ ಮಿತಿಯೂ ಅಚ್ಚಾಗಿರುತ್ತದೆ. 40 ಮೈಕ್ರೋಫ್ಯಾರಡ್ ಎಂದಿರುವ ಕೆಪಾಸಿಟರ್ ಮೀಟರಿನಲ್ಲಿ 34 ತೋರಿಸಿದರೆ, ನೋಡಲು ಚೆನ್ನಾಗಿಯೇ ಇದ್ದರೂ ಬದಲಿಸಬೇಕು. ತಲೆ ಉಬ್ಬಿದ್ದರೆ ಅಳೆಯುವ ಅಗತ್ಯವೂ ಇಲ್ಲ. ಗಟ್ಟಿ ವಿದ್ಯುತ್ ಜಾಲದಲ್ಲಿ ದುರ್ಬಲ ಕೆಪಾಸಿಟರ್ ಇದ್ದೂ ಎಸಿ ಹೇಗೋ ಏಳುತ್ತದೆ, ಜನರೇಟರಿನಲ್ಲಿ ಏಳುವುದಿಲ್ಲ. ಹಾಗಾಗಿಯೇ ‘ಹೊರಗಿನ ಸಂಪರ್ಕದಲ್ಲಿ ಸರಿಯಾಗಿ ನಡೆಯುತ್ತದೆ, ಆದ್ದರಿಂದ ದೋಷ ಜನರೇಟರಿನದೇ’ ಎಂಬ ವಾದವನ್ನು ನಂಬಬಾರದು.

ಮೂರು, ಎಸಿಯ ಶಾಖವನ್ನು ಹೊರಹಾಕುವ ಕಂಡೆನ್ಸರ್ ಕಾಯಿಲ್‌ನ ಕೊಳೆ ಮತ್ತು ಹೊರಗಿನ ಬಿಸಿಲು. ಇವೆರಡೂ ಅನಿಲದ ಒತ್ತಡವನ್ನು ಏರಿಸಿ ಕರೆಂಟಿನ ಬೇಡಿಕೆಯನ್ನೂ ಏರಿಸುತ್ತವೆ. ನಡು ಮಧ್ಯಾಹ್ನದಲ್ಲಿ ಮಾತ್ರ ಬರುವ ದೋಷದ ಹಿಂದೆ ಹಲವು ಸಲ ಮೂರು ಕಾರಣಗಳು ಕೂಡಿರುತ್ತವೆ: ಎಸಿ ಹೆಚ್ಚು ಎಳೆಯುತ್ತದೆ, ಕಾವೇರಿದ ಗಾಳಿಯಲ್ಲಿ ಎಂಜಿನ್ ಕಡಿಮೆ ಕೊಡುತ್ತದೆ, ಕಾದ ಪೆಟ್ಟಿಗೆಯೊಳಗಿನ ಬ್ರೇಕರ್ ತನ್ನ ಹೆಸರಿನ ಆಂಪಿಯರಿಗಿಂತ ಮೊದಲೇ ಬೀಳುತ್ತದೆ. ಇವುಗಳಲ್ಲಿ ಒಂದನ್ನು ಸರಿಪಡಿಸಿದರೂ ದೋಷ ಮಾಯವಾಗಬಹುದಾದ್ದರಿಂದ, ‘ಇದೇ ಕಾರಣ’ ಎಂದು ಬೆರಳು ತೋರಿಸುವಾಗ ಸ್ವಲ್ಪ ತಡೆಯುವುದು ಒಳ್ಳೆಯದು.

ಎಲ್ಲ ಸರಿಯಿದ್ದೂ ಜನರೇಟರ್ ಏಳುವ ಕ್ಷಣವನ್ನು ತಾಳದಿದ್ದರೆ ಸಾಫ್ಟ್ ಸ್ಟಾರ್ಟರ್ ಅಳವಡಿಸಬಹುದು. ಅದು ಏಳುವ ಕರೆಂಟನ್ನು ಅರ್ಧಕ್ಕಿಂತಲೂ ಕೆಳಗಿಳಿಸಬಲ್ಲದು. ಓಡುವಾಗಿನ ಕರೆಂಟನ್ನು ಅದು ತಗ್ಗಿಸುವುದಿಲ್ಲ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು.

ಎರಡು ಅಂಕಿಗಳ ಪರೀಕ್ಷೆ

ಇಡೀ ಹುಡುಕಾಟದಲ್ಲಿ ಅತ್ಯಂತ ಹೆಚ್ಚು ತಿಳಿಸಿಕೊಡುವ ಪರೀಕ್ಷೆ ಇದು, ಮತ್ತು ಅತ್ಯಂತ ಕಡಿಮೆ ಜನ ಮಾಡುವುದೂ ಇದನ್ನೇ. ಎಸಿಯನ್ನು ಬದಿಗಿಟ್ಟು, ಸಾದಾ ಹೀಟರುಗಳನ್ನು ಹೊರೆಯಾಗಿ ಬಳಸಬೇಕು. ಹೀಟರಿಗೆ ಏಳುವ ಕರೆಂಟ್ ಎಂಬುದಿಲ್ಲ, ಪವರ್ ಫ್ಯಾಕ್ಟರಿನ ತಂಟೆಯೂ ಇಲ್ಲ. ಮೊದಲು ಹೊರೆಯಿಲ್ಲದೆ, ಆಮೇಲೆ ಒಂದು ಹೀಟರ್ ಹಾಕಿ, ಆಮೇಲೆ ಎರಡು ಹಾಕಿ, ಪ್ರತಿ ಹಂತದಲ್ಲೂ ವೋಲ್ಟೇಜ್ ಮತ್ತು ಆವರ್ತನ ಎರಡನ್ನೂ ಜೊತೆಜೊತೆಯಾಗಿ ಬರೆದುಕೊಳ್ಳಬೇಕು.

ಸಾದಾ ಜನರೇಟರಿನಲ್ಲಿ ಆವರ್ತನವು ಎಂಜಿನ್ನಿನ ವೇಗವನ್ನೇ ಹೇಳುತ್ತದೆ. ಎರಡು ಧ್ರುವಗಳ ಆಲ್ಟರ್ನೇಟರ್ (ಜನರೇಟರಿನಲ್ಲಿ ಕರೆಂಟ್ ಹುಟ್ಟಿಸುವ ಭಾಗ) 50 ಹರ್ಟ್ಜ್ ಕೊಡಲು ನಿಮಿಷಕ್ಕೆ 3,000 ಸುತ್ತು, 60 ಹರ್ಟ್ಜ್ ಕೊಡಲು 3,600 ಸುತ್ತು ತಿರುಗಬೇಕು. ಎಂಜಿನ್ನಿನ ವೇಗವನ್ನು ಹಿಡಿದಿಡುವ ಯಾಂತ್ರಿಕ ಗವರ್ನರ್ ಇರುವ ಜನರೇಟರನ್ನು ಹೊರೆಯಿಲ್ಲದಾಗ ತುಸು ಹೆಚ್ಚಿನ ವೇಗದಲ್ಲಿ, ಅಂದರೆ 60 ಹರ್ಟ್ಜ್‌ನದಾದರೆ 62–63ರಲ್ಲಿ, 50ರದಾದರೆ 52ರ ಸುತ್ತಮುತ್ತ ಇಟ್ಟಿರುತ್ತಾರೆ. ಪೂರ್ಣ ಹೊರೆಯಲ್ಲಿ ಅದು ಹೆಸರಿನ ಆವರ್ತನಕ್ಕಿಂತ ಒಂದೆರಡು ಹರ್ಟ್ಜ್ ಕೆಳಗೆ ಬರುವುದು ಸಹಜ.

ಹೊರೆ ಏರಿದಂತೆ ಆವರ್ತನವೂ ವೋಲ್ಟೇಜೂ ಒಟ್ಟಿಗೆ ಕುಸಿದರೆ, ಉದಾಹರಣೆಗೆ ಅರ್ಧ ಹೊರೆಯಲ್ಲೇ 50ರ ಬದಲು 45 ಹರ್ಟ್ಜ್ ಬಂದರೆ, ಎಂಜಿನ್ನಿಗೆ ಶಕ್ತಿ ಸಾಲುತ್ತಿಲ್ಲ ಅಥವಾ ಗವರ್ನರ್ ಥ್ರಾಟಲ್ ತೆರೆಯುತ್ತಿಲ್ಲ. ಆವರ್ತನ ಗಟ್ಟಿಯಾಗಿ ನಿಂತು ವೋಲ್ಟೇಜ್ ಮಾತ್ರ ಕುಸಿದರೆ ಎಂಜಿನ್ನನ್ನು ಬಿಟ್ಟುಬಿಡಬಹುದು. ತಪ್ಪು ವೋಲ್ಟೇಜ್ ನಿಯಂತ್ರಕದಲ್ಲಿ, ಕಾರ್ಬನ್ ಬ್ರಷ್‌ಗಳಲ್ಲಿ ಅಥವಾ ಸುರುಳಿಗಳಲ್ಲಿದೆ. ಜನರೇಟರಿನ ಸಾಕೆಟ್ಟಿನಲ್ಲಿ ಎರಡೂ ಸರಿಯಿದ್ದು ವಾಹನದೊಳಗಿನ ಸಾಕೆಟ್ಟಿನಲ್ಲಿ ವೋಲ್ಟೇಜ್ ಕಡಿಮೆಯಿದ್ದರೆ ಮಧ್ಯದ ದಾರಿ ಸರಿಯಿಲ್ಲ. ಹೆಸರಿನ ವೋಲ್ಟೇಜಿಗಿಂತ ಶೇ. 10ಕ್ಕೂ ಹೆಚ್ಚು ಕೆಳಗೆ, ಅಂದರೆ 230ರ ವ್ಯವಸ್ಥೆಯಲ್ಲಿ 207ಕ್ಕಿಂತ, 120ರ ವ್ಯವಸ್ಥೆಯಲ್ಲಿ 108ಕ್ಕಿಂತ ಕೆಳಗೆ ಬಂದರೆ ಕಂಪ್ರೆಸರನ್ನು ಓಡಿಸಬಾರದು, ಏಕೆಂದರೆ ವೋಲ್ಟೇಜ್ ತಗ್ಗಿದಾಗ ಹೀಟರ್ ಕಡಿಮೆ ಎಳೆದರೆ, ಹೊರೆ ಹೊತ್ತ ಮೋಟರ್ ಹೆಚ್ಚು ಎಳೆದು ಬಿಸಿಯಾಗುತ್ತದೆ.

ಇನ್ವರ್ಟರ್ ಜನರೇಟರಿಗೆ ಈ ಪರೀಕ್ಷೆ ಪೂರ್ತಿ ಹೊಂದುವುದಿಲ್ಲ. ಅದರಲ್ಲಿ ಎಂಜಿನ್ ಎಷ್ಟೇ ವೇಗದಲ್ಲಿದ್ದರೂ ಆವರ್ತನವನ್ನು ಎಲೆಕ್ಟ್ರಾನಿಕ್ಸ್ ಸ್ಥಿರವಾಗಿ ಹಿಡಿದಿಡುತ್ತದೆ, ಆದ್ದರಿಂದ ಅಲ್ಲಿ ಕಿವಿಯೇ ಮೀಟರ್.

ಆವರ್ತನ ಕುಸಿಯುತ್ತದೆಂದು ಗವರ್ನರ್ ಸ್ಕ್ರೂ ತಿರುಗಿಸಿ ವೇಗ ಹೆಚ್ಚಿಸುವ ಕೆಲಸಕ್ಕೆ ಕೈಹಾಕಬಾರದು. ಶಕ್ತಿ ಸಾಲದ ಎಂಜಿನ್ ಹೊರೆಯಡಿಯಲ್ಲಿ ಆಗಲೂ ಕುಸಿಯುತ್ತದೆ, ಆದರೆ ಹೊರೆ ತೆಗೆದ ಕ್ಷಣ ವೋಲ್ಟೇಜ್ ಜಿಗಿದು ಟಿವಿ, ಚಾರ್ಜರ್, ನಿಯಂತ್ರಣ ಬೋರ್ಡುಗಳನ್ನು ಸುಡಬಹುದು.

ಎಂಜಿನ್ ಬಡವಾಗಿದ್ದರೆ

ಹೊರೆಯಿಲ್ಲದಾಗ ಏರಿಳಿಯುತ್ತ ಓಡಿ, ಹೊರೆ ಹಾಕಿದಾಗ ಸಾಯುವ ಪೆಟ್ರೋಲ್ ಎಂಜಿನ್ನಿನಲ್ಲಿ ಕಾರ್ಬ್ಯುರೇಟರಿನ ಜೆಟ್ (ಇಂಧನ ಹೊರಬರುವ ಸಣ್ಣ ರಂಧ್ರ) ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗುತ್ತದೆ. ತಿಂಗಳಿಗೊಮ್ಮೆ ಅರ್ಧ ಹೊರೆಯಲ್ಲಿ ಒಂದೆರಡು ಗಂಟೆ ಓಡಿಸಿದರೆ ಈ ತೊಂದರೆ ಬಹುಮಟ್ಟಿಗೆ ಬರುವುದಿಲ್ಲ. ಏರ್ ಫಿಲ್ಟರ್, ಇಂಧನ ಫಿಲ್ಟರ್ ನೋಡುವವರು ಸೈಲೆನ್ಸರಿನ ತುದಿಯ ಕಿಡಿ ತಡೆಯುವ ಜಾಲರಿಯನ್ನು ಮರೆಯುತ್ತಾರೆ. ಅದು ಮಸಿಯಿಂದ ಮುಚ್ಚಿಕೊಂಡರೆ ಎಂಜಿನ್ ಉಸಿರು ಬಿಡಲಾರದೆ ಶಕ್ತಿ ಕಳೆದುಕೊಳ್ಳುತ್ತದೆ.

ವಾಹನದ ಟ್ಯಾಂಕಿನಿಂದಲೇ ಇಂಧನ ಪಡೆಯುವ ಜನರೇಟರ್ ಇದ್ದರೆ ಇನ್ನೊಂದು ವಿಷಯ ತಿಳಿದಿರಬೇಕು. ಜನರೇಟರ್ ಟ್ಯಾಂಕನ್ನು ಪೂರ್ತಿ ಬರಿದು ಮಾಡಿ ವಾಹನವನ್ನು ನಡುದಾರಿಯಲ್ಲಿ ನಿಲ್ಲಿಸದಿರಲೆಂದು ಅದರ ಹೀರು ಕೊಳವೆಯನ್ನು ಸುಮಾರು ಕಾಲು ಟ್ಯಾಂಕ್ ಮಟ್ಟದಲ್ಲೇ ನಿಲ್ಲಿಸಿರುತ್ತಾರೆ. ಇಂಧನ ಕಾಲು ಟ್ಯಾಂಕಿನ ಹತ್ತಿರವಿದ್ದು ವಾಹನ ಒಂದು ಬದಿಗೆ ವಾಲಿ ನಿಂತಿದ್ದರೆ ಜನರೇಟರ್ ಗಾಳಿ ಹೀರಿ ನಿಲ್ಲುತ್ತದೆ, ವಾಹನದ ಎಂಜಿನ್ ಮಾತ್ರ ಏನೂ ಆಗದಂತೆ ಓಡುತ್ತದೆ. ವಾಲಿದ ನೆಲದಲ್ಲಿ ಆಯಿಲ್ ಸೆನ್ಸರ್ ಕೂಡ ಸುಳ್ಳು ಹೇಳಬಲ್ಲದು.

ಬೆಟ್ಟದ ಮೇಲೆ ಬರುವ ದೋಷಕ್ಕೆ ದುರಸ್ತಿಯೇ ಇಲ್ಲ, ಲೆಕ್ಕ ಮಾತ್ರ ಇದೆ. ಪ್ರತಿ 300 ಮೀಟರ್ ಎತ್ತರಕ್ಕೆ ಎಂಜಿನ್ ಸುಮಾರು ಶೇ. 3.5ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 2,000 ಮೀಟರ್ ಎತ್ತರದಲ್ಲಿ 4,000 ವಾಟ್‌ನ ಜನರೇಟರಿನಿಂದ 3,100 ವಾಟ್ ಸಿಕ್ಕರೆ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಕೆಲವು ಕಾರ್ಬ್ಯುರೇಟರುಗಳಲ್ಲಿ ಎತ್ತರಕ್ಕೆ ತಕ್ಕಂತೆ ತಿರುಗಿಸುವ ಗುಂಡಿ ಇರುತ್ತದೆ, ಬೆಟ್ಟ ಇಳಿದ ಮೇಲೆ ಅದನ್ನು ಹಿಂದಿನ ಸ್ಥಾನಕ್ಕೆ ತರಬೇಕು.

ನಡುವಿನ ದಾರಿ

ಟ್ರಾನ್ಸ್‌ಫರ್ ಸ್ವಿಚ್ ಜನರೇಟರಿನ ಕರೆಂಟನ್ನು ಸಾಮಾನ್ಯವಾಗಿ 20–30 ಸೆಕೆಂಡ್ ತಡೆದು, ಎಂಜಿನ್ ಸ್ಥಿರವಾದ ಮೇಲೆ ಒಳಗೆ ಬಿಡುತ್ತದೆ. ಈ ತಡವನ್ನೇ ದೋಷವೆಂದು ತಿಳಿದು ಜನರೇಟರನ್ನು ಪದೇ ಪದೇ ನಿಲ್ಲಿಸಿ ಚಾಲೂ ಮಾಡುವವರಿದ್ದಾರೆ. ಒಂದು ನಿಮಿಷ ಕಳೆದರೂ ‘ಟಕ್’ ಎಂಬ ಸದ್ದು ಬಾರದಿದ್ದರೆ ಆಗ ಅನುಮಾನಿಸಬೇಕು. ಸದ್ದು ಬಂದು, ಹೊರೆ ಹಾಕಿದಾಗ ‘ಟರ್‌ರ್’ ಎಂದು ನಡುಗಿದರೆ ಸ್ವಿಚ್ಚಿನೊಳಗೆ ಸಂಪರ್ಕ ಕೂಡಿಸುವ ಕಾಂಟ್ಯಾಕ್ಟರಿನ ಕಾಯಿಲ್‌ಗೆ ಸಾಕಷ್ಟು ವೋಲ್ಟೇಜ್ ಸಿಗುತ್ತಿಲ್ಲ ಅಥವಾ ಅದರ ಮುಖಗಳು ಸುಟ್ಟು ಗುಳಿಬಿದ್ದಿವೆ.

ಸುಟ್ಟ ಸಂಪರ್ಕವನ್ನು ಹೊರೆಯಿಲ್ಲದಾಗ ಅಳೆದರೆ ಗೊತ್ತಾಗುವುದಿಲ್ಲ. 15 ಆಂಪಿಯರ್ ಹರಿಯುತ್ತಿರುವಾಗ ಅದೇ ಫೇಸ್‌ನ ಒಳಬರುವ ತುದಿ ಮತ್ತು ಹೊರಹೋಗುವ ತುದಿಗಳ ನಡುವೆ ಮೀಟರ್ ಇಟ್ಟು ನೋಡಬೇಕು. ಅಲ್ಲಿ ವೋಲ್ಟ್‌ನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಇರಬೇಕಾದದ್ದು 1 ವೋಲ್ಟ್ ಇದ್ದರೆ, ಬೆರಳಿನ ಉಗುರಿನಷ್ಟು ಅಗಲದ ಲೋಹದ ಮೇಲೆ 15 ವಾಟ್ ಶಾಖ ಸತತವಾಗಿ ಹುಟ್ಟುತ್ತಿದೆ ಎಂದರ್ಥ. ಆ ಸ್ವಿಚ್ಚಿನ ಮುಚ್ಚಳ ತೆರೆದಾಗ ಕಂದು ಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್ಕೂ ಗಟ್ಟಿಯಾಗಿ ಸಿಡಿಯುವ ತಂತಿಯ ಹೊದಿಕೆಯೂ ಕಾಣುತ್ತವೆ. ಅದನ್ನು ಉಜ್ಜಿ ಬಳಸುವುದಕ್ಕಿಂತ ಬದಲಿಸುವುದೇ ಸರಿ. ವಾಹನ ಓಡಾಡುವಾಗಿನ ಅಲುಗಾಟಕ್ಕೆ ಟರ್ಮಿನಲ್ ಸ್ಕ್ರೂಗಳು ಸಡಿಲವಾಗುವುದು ಮೋಟರ್‌ಹೋಮ್‌ಗಳಿಗೆ ಅಂಟಿದ ಕಾಯಿಲೆ, ವರ್ಷಕ್ಕೊಮ್ಮೆ ಎಲ್ಲ ಕರೆಂಟ್ ಮೂಲಗಳನ್ನೂ ಬೇರ್ಪಡಿಸಿ ಅವನ್ನು ಬಿಗಿಮಾಡಬೇಕು.

ಹೊರಗಿಟ್ಟು ಬಳಸುವ ಜನರೇಟರಿಗೆ ಉದ್ದನೆಯ ಕೇಬಲ್ ಹಾಕಿದ್ದರೆ ಅದರ ದಪ್ಪ ನೋಡಬೇಕು. 25 ಮೀಟರ್ ಉದ್ದದ, 1.5 ಚದರ ಮಿಲಿಮೀಟರ್ ತಾಮ್ರದ ಕೇಬಲ್‌ನಲ್ಲಿ ಹೋಗಿ ಬರುವ ದಾರಿ ಸೇರಿ ರೋಧ 0.65 ಓಮ್‌ನಷ್ಟಾಗುತ್ತದೆ; 15 ಆಂಪಿಯರಿಗೆ ಹತ್ತಿರ ಹತ್ತಿರ 10 ವೋಲ್ಟ್ ಅಲ್ಲೇ ಹೋಯಿತು. 230ರಲ್ಲಿ ಇದನ್ನು ಸಹಿಸಿಕೊಳ್ಳಬಹುದು, 120ರಲ್ಲಿ ಎಸಿ ಏಳದಿರಲು ಇಷ್ಟೇ ಸಾಕು.

ಬ್ರೇಕರ್ ಬೀಳುವ ವೇಳೆಯನ್ನೂ ಓದಿಕೊಳ್ಳಬೇಕು. ಏರಿಸಿದ ಕ್ಷಣವೇ ಬಿದ್ದರೆ ಶಾರ್ಟ್. ಹತ್ತಿಪ್ಪತ್ತು ನಿಮಿಷ ಕಳೆದು ಬಿದ್ದರೆ ಮಿತಿಗಿಂತ ತುಸು ಹೆಚ್ಚಿನ ಹೊರೆ, ಅಥವಾ ಬ್ರೇಕರಿನ ಸಡಿಲ ಟರ್ಮಿನಲ್‌ನ ಶಾಖ. ಹೊರೆ ಕಡಿಮೆಯಿದ್ದೂ ಬೀಳುತ್ತದೆಂದು ದೊಡ್ಡ ಆಂಪಿಯರಿನ ಬ್ರೇಕರ್ ಹಾಕುವುದು ದುರಸ್ತಿಯಲ್ಲ, ತಂತಿಗೆ ಬೆಂಕಿಯ ಆಹ್ವಾನ.

ನ್ಯೂಟ್ರಲ್, ಅರ್ತಿಂಗ್ ಮತ್ತು ಸೋರಿಕೆ ರಕ್ಷಕ

ಬಳಿಯಲ್ಲಿಟ್ಟು ಬಳಸುವ ಸಣ್ಣ ಇನ್ವರ್ಟರ್ ಜನರೇಟರುಗಳಲ್ಲಿ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಸಾಮಾನ್ಯವಾಗಿ ಸಂಪರ್ಕವಿರುವುದಿಲ್ಲ. ವಾಹನಕ್ಕೆ ಸರ್ಜ್ ರಕ್ಷಕ ಅಥವಾ ವಿದ್ಯುತ್ ನಿರ್ವಹಣಾ ಸಾಧನ ಅಳವಡಿಸಿದ್ದರೆ ಅದು ‘ಅರ್ತ್ ಇಲ್ಲ’ ಎಂಬ ದೋಷ ತೋರಿಸಿ ಕರೆಂಟನ್ನು ಒಳಗೆ ಬಿಡುವುದೇ ಇಲ್ಲ. ಜನರೇಟರ್ ಸರಿಯಾಗಿ ಓಡುತ್ತಿರುತ್ತದೆ, ವಾಹನದಲ್ಲಿ ಮಾತ್ರ ಏನೂ ಇರುವುದಿಲ್ಲ. ಜನರೇಟರಿನ ತಯಾರಕರು ಒಪ್ಪುವುದಾದರೆ ನ್ಯೂಟ್ರಲ್, ಅರ್ತ್ ಎರಡನ್ನೂ ಜನರೇಟರಿನ ಸಾಕೆಟ್ಟಿನಲ್ಲೇ ಜೋಡಿಸುವ ಬಾಂಡಿಂಗ್ ಪ್ಲಗ್ ಇದಕ್ಕೆ ಪರಿಹಾರ. ಈ ಜೋಡಣೆ ಕರೆಂಟಿನ ಮೂಲದಲ್ಲಿ ಒಂದೇ ಕಡೆ ಇರಬೇಕು. ವಾಹನದ ಪ್ಯಾನೆಲ್‌ನೊಳಗೂ ಯಾರೋ ನ್ಯೂಟ್ರಲನ್ನು ಅರ್ತ್‌ಗೆ ಜೋಡಿಸಿದ್ದರೆ ಸೋರಿಕೆ ರಕ್ಷಕ (ಕರೆಂಟ್ ಅರ್ತ್ ಕಡೆಗೆ ಸೋರಿದಾಗ ಕಡಿತಗೊಳಿಸುವ ಸ್ವಿಚ್) ಹೊರೆ ಬಿದ್ದೊಡನೆ ಬೀಳುತ್ತದೆ.

ವಾಟರ್ ಹೀಟರ್ ಹಾಕಿದಾಗ ಮಾತ್ರ ಸೋರಿಕೆ ರಕ್ಷಕ ಬಿದ್ದರೆ ಅದರ ಕಾಯಿಲ್‌ನೊಳಗೆ ನೀರು ಹೊಕ್ಕಿದೆ ಎಂದು ತಿಳಿಯಬಹುದು. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಚಾಲೂ ಮಾಡಿದವರಿಗೆ ಇದು ಬೇಗ ಬರುತ್ತದೆ.

ಎಂಜಿನ್ ಚೆನ್ನಾಗಿ ಓಡುತ್ತದೆ, ವೋಲ್ಟೇಜೇ ಇಲ್ಲ

ಜನರೇಟರಿನ ಸ್ವಂತ ಬ್ರೇಕರ್ ಮೇಲಿದ್ದೂ ಅದರ ತುದಿಗಳಲ್ಲಿ 2ರಿಂದ 5 ವೋಲ್ಟ್ ಮಾತ್ರ ಸಿಕ್ಕರೆ, ಕಾಂತಕ್ಷೇತ್ರಕ್ಕೆ ಕರೆಂಟ್ ತಲುಪುತ್ತಿಲ್ಲ. ಬ್ರಷ್ ಇರುವ ಮಾದರಿಗಳಲ್ಲಿ ಬಹುಕಾಲ ನಿಂತ ಮೇಲೆ ಬ್ರಷ್ ತನ್ನ ಗೂಡಿನಲ್ಲೇ ಸಿಕ್ಕಿಕೊಳ್ಳುವುದು, ಸ್ಲಿಪ್ ರಿಂಗ್ ಮೇಲೆ ಕಿಲುಬು ಕಟ್ಟುವುದು ಸಾಮಾನ್ಯ. ಅವನ್ನು ಬಿಡಿಸಿ ಸ್ವಚ್ಛಗೊಳಿಸಿದ ಮೇಲೂ ವೋಲ್ಟೇಜ್ ಬಾರದಿದ್ದರೆ ಉಳಿದ ಕಾಂತತೆ (ನಿಂತಾಗಲೂ ಕಬ್ಬಿಣದಲ್ಲಿ ಉಳಿಯುವ ಅಲ್ಪ ಕಾಂತಶಕ್ತಿ) ತೀರಾ ಕುಂದಿರಬಹುದು, ಇಲ್ಲವೇ ವೋಲ್ಟೇಜ್ ನಿಯಂತ್ರಕ ಸುಟ್ಟಿರಬಹುದು. ಇಲ್ಲಿಂದ ಮುಂದೆ ಆ ಮಾದರಿಯ ಸರ್ವಿಸ್ ಪುಸ್ತಕವಿಲ್ಲದೆ ಹೋಗುವುದು ಬೇಡ.

ಬ್ಯಾಟರಿಯ ಕಡೆಯಿಂದ ಬರುವ ದೋಷ

ಅನೇಕ ವಾಹನಗಳಲ್ಲಿ ಜನರೇಟರನ್ನು ಏಳಿಸುವುದು ವಾಹನದ ವಾಸದ ಭಾಗಕ್ಕೆ ಮೀಸಲಾದ 12 ವೋಲ್ಟ್ ಬ್ಯಾಟರಿ. ವಿಶ್ರಾಂತಿಯಲ್ಲಿರುವ ಸೀಸ-ಆಮ್ಲ ಬ್ಯಾಟರಿ 12.7 ವೋಲ್ಟ್ ಇದ್ದರೆ ತುಂಬಿದೆ, 12.1–12.2 ಇದ್ದರೆ ಅರ್ಧ, 11.9ಕ್ಕೆ ಇಳಿದಿದ್ದರೆ ಬರಿದಾಗಿದೆ ಎಂದೇ ತಿಳಿಯಬೇಕು. ಹೀಗೆ ಬ್ಯಾಟರಿ ಬತ್ತಿದಾಗ ಜನರೇಟರ್ ಬೇಕು, ಜನರೇಟರ್ ಏಳಲು ಬ್ಯಾಟರಿ ಬೇಕು. ವಾಹನದ ಎಂಜಿನ್ ಚಾಲೂ ಮಾಡಿ, ಅದರ ಬ್ಯಾಟರಿಯನ್ನೂ ವಾಸದ ಭಾಗದ ಬ್ಯಾಟರಿಯನ್ನೂ ಜೋಡಿಸುವ ತುರ್ತು ಬಟನ್ ಒತ್ತಿ ಏಳಿಸಬಹುದು.

ಜನರೇಟರ್ ಗಂಟೆಗಟ್ಟಲೆ ಓಡಿದರೂ ಬ್ಯಾಟರಿ ತುಂಬದಿದ್ದರೆ ಬ್ಯಾಟರಿಯ ತುದಿಯಲ್ಲೇ ವೋಲ್ಟೇಜ್ ಅಳೆಯಬೇಕು. ಅಲ್ಲಿ 13.2ಕ್ಕಿಂತ ಮೇಲೆ ಏರದಿದ್ದರೆ ಚಾರ್ಜರಿನ ಬ್ರೇಕರ್, ಡಿಸಿ ಫ್ಯೂಸ್, ಸಂಪರ್ಕ ತಂತಿ ಈ ಕ್ರಮದಲ್ಲಿ ನೋಡಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಕೊರೆಯುವ ಚಳಿಯಲ್ಲಿ ಚಾರ್ಜ್ ಆಗದಿರುವುದು ದೋಷವಲ್ಲ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದರ ರಕ್ಷಣಾ ವ್ಯವಸ್ಥೆಯೇ ಚಾರ್ಜನ್ನು ತಡೆಯುತ್ತದೆ.

ವಾಹನಕ್ಕೆ ಆಮೇಲೆ ಅಳವಡಿಸಿದ, ಬ್ಯಾಟರಿಯಿಂದ ನಡೆಯುವ ಇನ್ವರ್ಟರುಗಳಲ್ಲಿ ಒಂದು ವಿಚಿತ್ರ ದೋಷ ಕಾಣುತ್ತದೆ. ಇನ್ವರ್ಟರಿನ ಔಟ್‌ಪುಟ್ಟನ್ನು ಇಡೀ ಪ್ಯಾನೆಲ್‌ಗೆ ಕೊಟ್ಟಾಗ ಅದು ಚಾರ್ಜರನ್ನೂ ನಡೆಸುತ್ತದೆ, ಆ ಚಾರ್ಜರ್ ಇನ್ವರ್ಟರ್ ಬಳಸುತ್ತಿರುವ ಅದೇ ಬ್ಯಾಟರಿಯನ್ನು ತುಂಬಲು ಹೊರಡುತ್ತದೆ. ತನ್ನ ನೆರಳನ್ನು ತಾನೇ ಅಟ್ಟಿಸಿಕೊಂಡು ಸುತ್ತುವ ಈ ಆಟದಲ್ಲಿ ಪ್ರತಿ ಸುತ್ತಿಗೂ ಶಕ್ತಿ ಶಾಖವಾಗಿ ಪೋಲಾಗಿ, ಯಾವ ಉಪಕರಣವನ್ನೂ ಬಳಸದೆಯೇ ಬ್ಯಾಟರಿ ಕೆಲವೇ ಗಂಟೆಗಳಲ್ಲಿ ಬತ್ತುತ್ತದೆ. ಇನ್ವರ್ಟರ್ ಚಾಲೂ ಇರುವಾಗ ಚಾರ್ಜರಿನ ಬ್ರೇಕರ್ ಇಳಿಸಿ ನೋಡಿದರೆ ಇದು ಬಯಲಾಗುತ್ತದೆ; ಶಾಶ್ವತ ಪರಿಹಾರಕ್ಕೆ ಚಾರ್ಜರನ್ನು ಇನ್ವರ್ಟರ್ ತಲುಪದ ಪ್ರತ್ಯೇಕ ಸರ್ಕ್ಯೂಟಿಗೆ ಸರಿಸಬೇಕು.

ದೋಷ ಸಿಗದಿದ್ದಾಗ, ಅಥವಾ ಹೊರೆಯೇ ದೋಷವಾದಾಗ

ಎಲ್ಲ ಪರೀಕ್ಷೆ ಮುಗಿದು ಹೊರೆಯೇ ಹೆಚ್ಚೆಂದು ತಿಳಿದರೆ ದೊಡ್ಡ ಜನರೇಟರ್ ಕೊಳ್ಳುವುದೊಂದೇ ದಾರಿ ಎಂದುಕೊಳ್ಳಬೇಕಾಗಿಲ್ಲ. ವಾಟರ್ ಹೀಟರನ್ನೂ ಫ್ರಿಜ್ಜನ್ನೂ ಗ್ಯಾಸಿಗೆ ತಿರುಗಿಸಿದರೆ 1,700 ವಾಟ್‌ಗೂ ಹೆಚ್ಚು ಉಳಿಯುತ್ತದೆ. ಚಾರ್ಜರಿನಲ್ಲಿ ಕರೆಂಟ್ ಮಿತಿಗೊಳಿಸುವ ಸೌಲಭ್ಯವಿದ್ದರೆ ಎಸಿ ಬೇಕಾದ ಹೊತ್ತಿನಲ್ಲಿ ಅರ್ಧಕ್ಕಿಳಿಸಬಹುದು. ಎರಡು ಎಸಿ ಇದ್ದರೆ ಎರಡನ್ನೂ ಒಟ್ಟಿಗೆ ಏಳಿಸದೆ, ಒಂದು ನೆಲೆಗೊಂಡ ಮೇಲೆ ಇನ್ನೊಂದನ್ನು ಹಾಕಬೇಕು. ಆಗಾಗ ಮರೆಯುವವರ ವಾಹನಕ್ಕೆ, ಹೊರೆ ಮೀರಿದಾಗ ಮೊದಲೇ ನಿಗದಿಪಡಿಸಿದ ಕ್ರಮದಲ್ಲಿ ಉಪಕರಣಗಳನ್ನು ಬಿಡಿಸುವ ನಿರ್ವಹಣಾ ಸಾಧನ ತಕ್ಕದ್ದು.

ಮೆಕ್ಯಾನಿಕ್ ಬಳಿ ಹೋಗಲೇಬೇಕಾದಾಗ ‘ಎಸಿ ಹಾಕಿದರೆ ನಿಲ್ಲುತ್ತದೆ’ ಎಂದಷ್ಟೇ ಹೇಳದೆ, ಹೊರೆಯಿಲ್ಲದಾಗ, ಒಂದು ಹೀಟರಿಗೆ, ಎರಡು ಹೀಟರಿಗೆ ಸಿಕ್ಕ ವೋಲ್ಟೇಜ್ ಮತ್ತು ಆವರ್ತನ, ಅವನ್ನು ಜನರೇಟರಿನಲ್ಲಿ ಅಳೆದದ್ದೋ ವಾಹನದೊಳಗೋ ಎಂಬುದು, ಎಂಜಿನ್ ನಿಂತ ರೀತಿ, ದೀಪ ಮಿನುಗಿದ ಎಣಿಕೆ, ಆ ಹೊತ್ತಿನ ಇಂಧನದ ಮಟ್ಟ ಮತ್ತು ಸ್ಥಳದ ಎತ್ತರ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಡಬೇಕು. ವರ್ಕ್‌ಶಾಪಿನ ಸಮತಟ್ಟಾದ ನೆಲದಲ್ಲಿ, ತುಂಬಿದ ಬ್ಯಾಟರಿಯೊಂದಿಗೆ, ಬೆಳಗಿನ ತಂಪಿನಲ್ಲಿ ಪರೀಕ್ಷಿಸಿದಾಗ ಆ ದೋಷ ಮತ್ತೆ ಕಾಣಿಸಿಕೊಳ್ಳದಿರುವ ಸಾಧ್ಯತೆಯೇ ಹೆಚ್ಚು.